ಮಾತಿಗೆ ಕಟ್ಟುಬಿದ್ದ ಪ್ರೇಮ: ಐರ್ಲೆಂಡಿನ ಹಳೆಯ ಮಾಯಾಕಥೆಗಳಲ್ಲಿ ಒಂದು ಪಾಠ

ಫ್ಯಾಂಟಸಿ ಪ್ರೇಮಕಥೆ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರೋ ಚಿತ್ರ ಒಂದೇ: ಮಂಜು ಮುಸುಕಿದ ಬೆಟ್ಟ, ಕಲ್ಲಿನ ಕೋಟೆ, ಉದ್ದ ಗಡ್ಡದ ಮಾಂತ್ರಿಕ, ಕತ್ತಿ ಹಿಡಿದ ವೀರ, ಅವನಿಗಾಗಿ ಕಾಯುವ ರಾಜಕುಮಾರಿ. ಕಾದಂಬರಿ, ವೆಬ್ ಸೀರೀಸ್, ವಿಡಿಯೊ ಗೇಮ್ ಎಲ್ಲ ಕಡೆಯೂ ಈ ಲೋಕಕ್ಕೆ 'ಸೆಲ್ಟಿಕ್' ಅಂತ ಒಂದು ಲೇಬಲ್ ಅಂಟಿರುತ್ತದೆ. ನಾವೂ ಕಥೆ ಬರೆಯೋಕೆ ಕೂತಾಗ ಅದೇ ಮಂಜು, ಅದೇ ಕೋಟೆಯನ್ನು ತಂದು ನಿಲ್ಲಿಸುತ್ತೇವೆ. ಆದರೆ ಈ ಲೋಕದ ಮೂಲಕಥೆಗಳು ಹೇಗಿವೆ? ಅವುಗಳಲ್ಲಿ ಮಾಯೆ ಏನು ಕೆಲಸ ಮಾಡುತ್ತದೆ? ಈ ಪಾಠದಲ್ಲಿ ಮಧ್ಯಯುಗದ ಐರ್ಲೆಂಡಿನ ಮೂರು ಪ್ರೇಮಕಥೆಗಳನ್ನು ಬಿಚ್ಚಿ ನೋಡೋಣ. ಒಂದು ಯಂತ್ರವನ್ನು ಬಿಚ್ಚಿ ಯಾವ ಗಾಲಿ ಯಾವುದನ್ನು ತಿರುಗಿಸುತ್ತದೆ ಅಂತ ನೋಡುತ್ತೇವಲ್ಲ, ಹಾಗೆ.

1. 'ಸೆಲ್ಟಿಕ್' ಅಂದರೆ ಯಾರು?

ಸೆಲ್ಟಿಕ್ ಅನ್ನೋದು ಮೊದಲಿಗೆ ಒಂದು ಭಾಷಾಕುಟುಂಬದ ಹೆಸರು. ಐರಿಷ್, ಸ್ಕಾಟಿಷ್ ಗೇಲಿಕ್, ಮ್ಯಾಂಕ್ಸ್ ಒಂದು ಕವಲು. ವೆಲ್ಷ್, ಕಾರ್ನಿಷ್, ಬ್ರೆಟನ್ ಇನ್ನೊಂದು ಕವಲು. ಈ ಭಾಷೆಗಳ ನಂಟನ್ನು ಎಡ್ವರ್ಡ್ ಲೂಯಿಡ್ ಎಂಬ ವಿದ್ವಾಂಸ 1707ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋರಿಸಿದ. ಮಧ್ಯಯುಗದ ಐರಿಷ್ ಜನ ತಮ್ಮನ್ನು ತಾವು 'ಸೆಲ್ಟ್' ಅಂತ ಕರೆದುಕೊಳ್ಳುತ್ತಿರಲಿಲ್ಲ.

ಇನ್ನೊಂದು ಮುಖ್ಯ ಸಂಗತಿ: ಡ್ರೂಯಿಡ್‌ಗಳು, ದೇವತೆಗಳು, ಶಕುನಗಳು ತುಂಬಿರುವ ಈ ಕಥೆಗಳನ್ನು ಬರಹಕ್ಕಿಳಿಸಿದವರು ಕ್ರೈಸ್ತ ಮಠಗಳ ವಿದ್ವಾಂಸರು. ಕರುವಿನ ಚರ್ಮ ಹದಮಾಡಿ, ಅದರ ಮೇಲೆ ಕೈಬರಹದಲ್ಲಿ ನಕಲು ಮಾಡಿದರು. ಕ್ಲೊನ್‌ಮಕ್‌ನಾಯ್ಸ್ ಮಠದೊಂದಿಗೆ ನಂಟಿರುವ 'ಕಂದುಹಸುವಿನ ಪುಸ್ತಕ' ಸುಮಾರು 1100ರದ್ದು. 'ಲೆನ್‌ಸ್ಟರ್ ಪುಸ್ತಕ' 12ನೇ ಶತಮಾನದ್ದು. ಕಥೆಗಳ ಭಾಷೆ ಮಾತ್ರ ಅದಕ್ಕಿಂತ ಹಳೆಯದು, ಕೆಲವು 8-9ನೇ ಶತಮಾನಕ್ಕೆ ಹೋಗುತ್ತವೆ. ಅಂದರೆ ತಾವು ನಂಬದ ದೇವರುಗಳ ಕಥೆಯನ್ನೂ ಜೋಪಾನ ಮಾಡಿದ ಜನ ಅವರು.

2. ಗೆಶ್: ಮಾಯೆಯ ನಿಯಮ

ಈ ಕಥೆಗಳ ಬೀಗದ ಕೈ ಒಂದು ಐರಿಷ್ ಪದ: 'ಗೆಶ್'. ಒಬ್ಬ ವ್ಯಕ್ತಿ ಮಾಡಲೇಬಾರದ ಅಥವಾ ಮಾಡಲೇಬೇಕಾದ ಕೆಲಸದ ಕಟ್ಟು ಅದು. ನಮ್ಮ 'ಆಣೆ'ಗೆ ಸ್ವಲ್ಪ ಹತ್ತಿರ. ಆದರೆ ಆಣೆಯನ್ನು ನಾವೇ ಇಡುತ್ತೇವೆ. ಗೆಶ್ ಹುಟ್ಟಿನಿಂದ, ಹೆಸರಿನಿಂದ, ಪದವಿಯಿಂದಲೂ ಬರಬಹುದು, ಇನ್ನೊಬ್ಬರೂ ಹೇರಬಹುದು. ಶಾಪದ ಹಾಗೆ ತಾನಾಗಿಯೇ ಫಲ ಕೊಡೋದೂ ಅಲ್ಲ. ಮುರಿಯೋ ಸ್ವಾತಂತ್ರ್ಯ ಇದೆ. ಮುರಿದರೆ ಮಾನ ಹೋಗುತ್ತದೆ, ಬಲ ಕುಗ್ಗುತ್ತದೆ, ಸಾವು ಹತ್ತಿರ ಬರುತ್ತದೆ.

ಒಂದು ಉದಾಹರಣೆ. ಅಲ್ಸ್ಟರಿನ ಮಹಾವೀರ ಕೂ ಖುಲಿನ್ ಹೆಸರಿನ ಅರ್ಥ 'ಕುಲನ್‌ನ ನಾಯಿ'. ಹಾಗಾಗಿ ಅವನು ನಾಯಿಯ ಮಾಂಸ ತಿನ್ನುವಂತಿಲ್ಲ. ಒಲೆಯ ಮುಂದೆ ಯಾರಾದರೂ ಊಟಕ್ಕೆ ಕರೆದರೆ ಒಲ್ಲೆ ಅನ್ನುವಂತೆಯೂ ಇಲ್ಲ. ಕೊನೆಯ ಯುದ್ಧಕ್ಕೆ ಹೋಗುವ ದಾರಿಯಲ್ಲಿ ಮುದುಕಿಯರು ನಾಯಿ ಮಾಂಸ ಸುಡುತ್ತಾ ಅವನನ್ನು ಊಟಕ್ಕೆ ಕರೆಯುತ್ತಾರೆ. ತಿಂದರೂ ತಪ್ಪು, ಬಿಟ್ಟರೂ ತಪ್ಪು. ಅವನು ತಿನ್ನುತ್ತಾನೆ, ಆ ಕೈ ಸೋಲುತ್ತದೆ. ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ನಾವು 'ಡೆಡ್‌ಲಾಕ್' ಅಂತ ಓದಿದ್ದೀವಲ್ಲ, ಹೆಚ್ಚುಕಡಿಮೆ ಅದೇ. ಎರಡು ನಿಯಮ ಒಂದಕ್ಕೊಂದು ಅಡ್ಡ ನಿಂತಾಗ ಈ ಕಥೆಗಳಲ್ಲಿ ದುರಂತ ಶುರುವಾಗುತ್ತದೆ.

ಗೆಶ್‌ನ ಹಿಂದೆ ಇನ್ನೊಂದು ವಿಚಾರವಿದೆ: ಮಾನ. ಹಳೆಯ ಐರಿಷ್‌ನಲ್ಲಿ ಮುಖಕ್ಕೂ ಮಾನಕ್ಕೂ ಒಂದೇ ಪದ. ಪ್ರತಿಯೊಬ್ಬರಿಗೂ ಅವರವರ ಸ್ಥಾನಕ್ಕೆ ತಕ್ಕ 'ಮುಖದ ಬೆಲೆ' ಕಾನೂನಿನಲ್ಲೇ ನಿಗದಿಯಾಗಿತ್ತು. ಅವಮಾನ ಮಾಡಿದವನು ಅದನ್ನು ಕಟ್ಟಿಕೊಡಬೇಕಿತ್ತು. 'ನಾಳೆ ಜನಕ್ಕೆ ಮುಖ ಹೇಗೆ ತೋರಿಸ್ಲಿ' ಅಂತ ನಮ್ಮ ಮನೆಗಳಲ್ಲೂ ಹೇಳುತ್ತಾರೆ. ಆದ್ದರಿಂದ ಈ ಲೆಕ್ಕ ನಮಗೆ ತೀರಾ ಹೊಸದೇನಲ್ಲ.

3. ಮೊದಲ ಕಥೆ: ಡೀರ್ಡ್ರೆ

ಇದರ ಅತಿ ಹಳೆಯ ರೂಪ ಲೆನ್‌ಸ್ಟರ್ ಪುಸ್ತಕದಲ್ಲಿದೆ. ಅಲ್ಸ್ಟರಿನ ರಾಜ ಕೊನ್ಹೊವರ್ ತನ್ನ ಕಥೆಗಾರನ ಮನೆಯಲ್ಲಿ ಔತಣಕ್ಕೆ ಕೂತಿದ್ದಾನೆ. ಕಥೆಗಾರನ ಹೆಂಡತಿ ತುಂಬು ಬಸುರಿ. ಹೊಟ್ಟೆಯೊಳಗಿನ ಮಗು ಇಡೀ ಮನೆಗೆ ಕೇಳುವಂತೆ ಚೀರುತ್ತದೆ. ಡ್ರೂಯಿಡ್ ಕಾಥ್‌ಬಡ್ ಭವಿಷ್ಯ ನುಡಿಯುತ್ತಾನೆ: ಹುಟ್ಟುವುದು ಹೆಣ್ಣು, ಬಹಳ ಚೆಲುವೆ, ಅವಳಿಂದ ಅಲ್ಸ್ಟರಿಗೆ ರಕ್ತಪಾತ. ಈಗಲೇ ಕೊಲ್ಲೋಣ ಅನ್ನುತ್ತಾರೆ ಯೋಧರು. ರಾಜ ಬೇಡ ಅನ್ನುತ್ತಾನೆ. ಮಗುವಿನ ಮೇಲಿನ ಕರುಣೆಗಲ್ಲ. ಎಲ್ಲೋ ಮರೆಯಲ್ಲಿ ಬೆಳೆಸಿ, ದೊಡ್ಡವಳಾದ ಮೇಲೆ ತಾನೇ ಇಟ್ಟುಕೊಳ್ಳೋದು ಅವನ ಲೆಕ್ಕ.

ಡೀರ್ಡ್ರೆ ಹಾಗೇ ಬೆಳೆಯುತ್ತಾಳೆ. ಸಾಕುತಂದೆ, ಸಾಕುತಾಯಿ ಬಿಟ್ಟರೆ ಅವಳನ್ನು ನೋಡಬಹುದಾದವಳು ಲೆವರ್ಖಮ್ ಒಬ್ಬಳೇ. ಅವಳು ನಿಂದಾಕವಿ, ಅವಳ ನಾಲಿಗೆಗೆ ಹೆದರಿ ಯಾರೂ ತಡೆಯುತ್ತಿರಲಿಲ್ಲ. ಒಂದು ಚಳಿಗಾಲ ಸಾಕುತಂದೆ ಹಿಮದ ಮೇಲೆ ಕರುವಿನ ಚರ್ಮ ಸುಲಿಯುತ್ತಿದ್ದಾನೆ, ಒಂದು ಕಾಗೆ ಬಂದು ರಕ್ತ ಕುಡಿಯುತ್ತದೆ. ಈ ಮೂರು ಬಣ್ಣಗಳಿರುವ ಗಂಡನ್ನು ನಾನು ಪ್ರೀತಿಸಬಲ್ಲೆ ಅನ್ನುತ್ತಾಳೆ ಡೀರ್ಡ್ರೆ: ಕಾಗೆಯಂಥ ಕೂದಲು, ರಕ್ತದಂಥ ಕೆನ್ನೆ, ಹಿಮದಂಥ ಮೈ. ಅಂಥವನು ಹತ್ತಿರದಲ್ಲೇ ಇದ್ದಾನೆ, ಉಶ್ನೆಯ ಮಗ ನೀಶ, ಅನ್ನುತ್ತಾಳೆ ಲೆವರ್ಖಮ್.

ಡೀರ್ಡ್ರೆ ಅವನನ್ನು ತಾನೇ ಹುಡುಕಿ ಹೋಗುತ್ತಾಳೆ. ಅವರಿಬ್ಬರ ಮೊದಲ ಮಾತು ಕಡಸು, ಗೂಳಿಗಳ ಹೆಸರಿನಲ್ಲಿ ನಡೆಯುವ ಚೇಷ್ಟೆ. ನಿನಗೆ ಈ ಸೀಮೆಯ ದೊಡ್ಡ ಗೂಳಿಯೇ, ಅಂದರೆ ರಾಜನೇ ಇದ್ದಾನಲ್ಲ ಅನ್ನೋದು ಅವನ ಮಾತು. ಎರಡರಲ್ಲಿ ಆರಿಸೋದಾದರೆ ಎಳೆಯ ಗೂಳಿಯೇ ಇರಲಿ ಅನ್ನೋದು ಅವಳ ಉತ್ತರ. ಭವಿಷ್ಯವಾಣಿ ಗೊತ್ತಿದ್ದ ನೀಶ ಹಿಂದೆ ಸರಿಯುತ್ತಾನೆ. ಆಗ ಅವಳು ಅವನ ಎರಡೂ ಕಿವಿ ಹಿಡಿದುಕೊಂಡು, ನನ್ನನ್ನು ಕರೆದುಕೊಂಡು ಹೋಗದಿದ್ದರೆ ಇವು ನಾಚಿಕೆಯ, ನಗೆಪಾಟಲಿನ ಕಿವಿಗಳಾಗಲಿ ಅಂತ ಕಟ್ಟು ಹಾಕುತ್ತಾಳೆ. ಇನ್ನು ಅವನಿಗೆ ದಾರಿಯಿಲ್ಲ. ನೀಶ ಮತ್ತು ಅವನ ಇಬ್ಬರು ತಮ್ಮಂದಿರು ಅವಳನ್ನು ಕರೆದುಕೊಂಡು ಐರ್ಲೆಂಡ್ ಸುತ್ತಿ, ಸ್ಕಾಟ್ಲೆಂಡಿಗೆ ದಾಟುತ್ತಾರೆ. ಅಲ್ಲಿನ ರಾಜನ ಕಣ್ಣೂ ಅವಳ ಮೇಲೆ ಬಿದ್ದಾಗ ಕಡಲ ನಡುವಿನ ದ್ವೀಪ ಸೇರುತ್ತಾರೆ.

ಕೊನ್ಹೊವರ್ ಕ್ಷಮೆಯ ಮಾತು ಕಳಿಸುತ್ತಾನೆ. ಜಾಮೀನು ನಿಲ್ಲುವವನು ಫರ್ಗಸ್, ಮಾತಿಗೆ ತಪ್ಪದವನು. ಇಲ್ಲಿ ರಾಜನ ತಂತ್ರ ನೋಡಿ. ಫರ್ಗಸ್ ಔತಣದ ಕರೆಯನ್ನು ನಿರಾಕರಿಸುವಂತಿಲ್ಲ. ಉಶ್ನೆಯ ಮಕ್ಕಳು ರಾಜನ ಊಟ ಉಣ್ಣುವ ತನಕ ಐರ್ಲೆಂಡಿನಲ್ಲಿ ಬೇರೆ ಅನ್ನ ಮುಟ್ಟುವುದಿಲ್ಲ ಅಂತ ಶಪಥ ಮಾಡಿದ್ದಾರೆ. ರಾಜ ದಾರಿಯಲ್ಲಿ ಫರ್ಗಸ್‌ಗೆ ಔತಣ ಏರ್ಪಡಿಸುತ್ತಾನೆ, ಅಷ್ಟೇ. ಜಾಮೀನುದಾರ ಹಿಂದೆ ಉಳಿಯುತ್ತಾನೆ, ಅವನನ್ನು ನಂಬಿದವರು ಮುಂದೆ ಹೋಗುತ್ತಾರೆ. ರಾಜಧಾನಿ ಎವಿನ್ ಮಾಖಾದ ಅಂಗಳದಲ್ಲಿ ನೀಶ ಈಟಿಗೆ ಬಲಿಯಾಗುತ್ತಾನೆ. ಸುದ್ದಿ ತಿಳಿದ ಫರ್ಗಸ್ ಎವಿನ್‌ಗೆ ಬೆಂಕಿ ಇಟ್ಟು, 3000 ಜನರೊಂದಿಗೆ ಶತ್ರುರಾಜ್ಯ ಕೊನಾಖ್ಟ್ ಸೇರುತ್ತಾನೆ.

ಡೀರ್ಡ್ರೆ ಒಂದು ವರ್ಷ ಕೊನ್ಹೊವರ್‌ನ ಬಳಿ ಇರುತ್ತಾಳೆ. ನಗುವುದಿಲ್ಲ, ಸರಿಯಾಗಿ ಉಣ್ಣುವುದಿಲ್ಲ. ನಿನಗೆ ಯಾರನ್ನು ಕಂಡರೆ ಹೆಚ್ಚು ದ್ವೇಷ ಅಂತ ರಾಜ ಕೇಳುತ್ತಾನೆ. ನೀನು, ಮತ್ತೆ ನೀಶನನ್ನು ಕೊಂದ ಯೋಗನ್ ಅನ್ನುತ್ತಾಳೆ. ಹಾಗಾದರೆ ಮುಂದಿನ ವರ್ಷ ಅವನ ಬಳಿ ಇರು ಅನ್ನುತ್ತಾನೆ ರಾಜ. ಮಾರನೆಯ ದಿನ ರಥದಲ್ಲಿ ಅವಳು ಆ ಇಬ್ಬರ ನಡುವೆ. ಎರಡು ಟಗರಿನ ನಡುವಿನ ಕುರಿ ಅಂತ ರಾಜ ಹೀಯಾಳಿಸುತ್ತಾನೆ. ಎದುರಿಗೆ ಒಂದು ದೊಡ್ಡ ಬಂಡೆ ಬರುತ್ತದೆ. ಅವಳು ತಲೆಯನ್ನು ಅದಕ್ಕೆ ಅಪ್ಪಳಿಸಿ ಸಾಯುತ್ತಾಳೆ.

ಬಿಚ್ಚಿ ನೋಡೋಣ. ಈ ಕಥೆಯಲ್ಲಿ ಮಂತ್ರದಂಡ ಇಲ್ಲ, ಡ್ರ್ಯಾಗನ್ ಇಲ್ಲ. ಇರುವುದು ಮೂರು ಮಾತು: ಒಂದು ಭವಿಷ್ಯವಾಣಿ, ಒಂದು ಕಟ್ಟು, ಒಂದು ಜಾಮೀನು. ಡೀರ್ಡ್ರೆಗೆ ಸೈನ್ಯವಿಲ್ಲ, ಆಸ್ತಿಯಿಲ್ಲ, ತವರಿನ ಬೆಂಬಲವೂ ಇಲ್ಲ. ಅವಳ ಕೈಗೆ ಸಿಕ್ಕ ಒಂದೇ ಆಯುಧ ನಿಯಮ. ಅದನ್ನು ಬಳಸಿ ಅವಳು ತನ್ನ ಬಾಳಿನ ಒಂದು ಆಯ್ಕೆಯನ್ನು ಗಿಟ್ಟಿಸಿಕೊಳ್ಳುತ್ತಾಳೆ. ರಾಜನ ಕೈಯಲ್ಲಿ ಎಲ್ಲವೂ ಇದೆ. ಅವನೂ ನಿಯಮವನ್ನೇ ಬಳಸುತ್ತಾನೆ, ಆದರೆ ಇನ್ನೊಬ್ಬನ ಪ್ರಾಮಾಣಿಕತೆಯನ್ನು ಬಲೆಯಾಗಿ ಹೆಣೆಯೋಕೆ. ಭವಿಷ್ಯವಾಣಿಯೂ ನಿಜವಾಗುತ್ತದೆ. ಆದರೆ ಕಥೆ ಓದಿ ಮುಗಿಸಿದ ಮೇಲೆ ಅಲ್ಸ್ಟರನ್ನು ಹಾಳು ಮಾಡಿದ್ದು ಡೀರ್ಡ್ರೆಯ ಚೆಲುವು ಅಂತ ಯಾರೂ ಹೇಳಲಾರರು. ಹಾಳು ಮಾಡಿದ್ದು ರಾಜ ಮುರಿದ ಮಾತು.

4. ಎರಡನೆಯ ಕಥೆ: ಎಟೇನ್

ಇಲ್ಲಿ ಮಾಯೆ ಹೆಚ್ಚು. ಐರಿಷ್ ಕಥೆಗಳಲ್ಲಿ ದೇವಲೋಕ ಆಕಾಶದಲ್ಲಿಲ್ಲ; 'ಶೀ' ಎಂಬ ದಿಬ್ಬಗಳ ಒಳಗೆ, ನೆಲದಡಿಯಲ್ಲಿದೆ. ಬ್ರೀ ಲೇ ದಿಬ್ಬದ ಒಡೆಯ ಮಿಡಿರ್, ಎಟೇನ್‌ಳನ್ನು ಮದುವೆಯಾಗಿ ಕರೆತರುತ್ತಾನೆ. ಅವನ ಮೊದಲ ಹೆಂಡತಿ ಎಟೇನ್‌ಳನ್ನು ನೀರಾಗಿ ಮಾಡುತ್ತಾಳೆ. ನೀರು ಹುಳುವಾಗುತ್ತದೆ, ಹುಳು ಕೆನ್ನೀಲಿ ನೊಣವಾಗುತ್ತದೆ. ಗಾಳಿಗೆ ಸಿಕ್ಕಿ ವರ್ಷಾನುಗಟ್ಟಲೆ ಅಲೆದು, ಕೊನೆಗೆ ಒಬ್ಬ ಹೆಂಗಸಿನ ಬಟ್ಟಲಿಗೆ ಬಿದ್ದು, ಅವಳ ಹೊಟ್ಟೆ ಸೇರಿ, ಮತ್ತೆ ಎಟೇನ್ ಆಗಿಯೇ ಹುಟ್ಟುತ್ತಾಳೆ. ಮೊದಲ ಹುಟ್ಟಿಗೂ ಎರಡನೆಯ ಹುಟ್ಟಿಗೂ ನಡುವೆ 1012 ವರ್ಷ ಅಂತ ಕಥೆಯೇ ಲೆಕ್ಕ ಕೊಡುತ್ತದೆ. ಈಗ ಅವಳು ಟಾರಾದ ರಾಜ ಯೋಖಿಡ್‌ನ ರಾಣಿ. ಹಿಂದಿನದು ಒಂದೂ ನೆನಪಿಲ್ಲ.

ಮಿಡಿರ್ ಅವಳನ್ನು ಹುಡುಕಿ ಬರುತ್ತಾನೆ. ಎಟೇನ್ ಒಂದು ಷರತ್ತು ಹಾಕುತ್ತಾಳೆ: ನನ್ನ ಗಂಡ ಒಪ್ಪಿದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ. ಮಿಡಿರ್ ಅವಳನ್ನು ಹೊತ್ತುಕೊಂಡು ಹೋಗಬಹುದಿತ್ತು. ಹಾಗೆ ಮಾಡದೆ ರಾಜನ ಜೊತೆ ಫಿಖೆಲ್ ಎಂಬ ಮಣೆಯಾಟಕ್ಕೆ ಕೂರುತ್ತಾನೆ. ಬೇಕಂತಲೇ ಸೋಲುತ್ತಾನೆ, ಪಣವಾಗಿ ರಾಜ ಹೇಳಿದ ಭಾರಿ ಕೆಲಸಗಳನ್ನೆಲ್ಲ ಮಾಡಿಕೊಡುತ್ತಾನೆ. ಅದರಲ್ಲಿ ಒಂದು, ಯಾರೂ ಕಾಲಿಡಲಾಗದ ಜೌಗಿನ ಮೇಲೆ ರಸ್ತೆ. ಕೊನೆಯ ಆಟದಲ್ಲಿ ಪಣ ಏನಂತ ಮೊದಲೇ ಹೇಳಿರುವುದಿಲ್ಲ. ಮಿಡಿರ್ ಗೆಲ್ಲುತ್ತಾನೆ, ಎಟೇನ್‌ಳನ್ನು ಒಮ್ಮೆ ತಬ್ಬಿ ಮುತ್ತಿಡಬೇಕು ಅನ್ನುತ್ತಾನೆ. ರಾಜ ಒಂದು ತಿಂಗಳು ಗಡುವು ಕೇಳಿ, ಟಾರಾದ ಸುತ್ತ ಕಾವಲು ಹಾಕುತ್ತಾನೆ. ಗೊತ್ತಾದ ದಿನ ಮಿಡಿರ್ ನೇರ ಸಭೆಯ ನಡುವೆ ಕಾಣಿಸಿಕೊಳ್ಳುತ್ತಾನೆ. ಇಲ್ಲೇ, ಎಲ್ಲರ ಎದುರಿಗೇ ತಬ್ಬಿಕೊಳ್ಳಲಿ ಅಂತ ರಾಜನ ಬಾಯಿಂದಲೇ ಒಪ್ಪಿಗೆ ಬರುತ್ತದೆ. ಮಿಡಿರ್ ತಬ್ಬುತ್ತಾನೆ, ಇಬ್ಬರೂ ಸೂರಿನ ಹೊಗೆಗಂಡಿಯಿಂದ ಮೇಲೇರುತ್ತಾರೆ. ಹೊರಗೆ ಓಡಿಬಂದವರಿಗೆ ಕಾಣುವುದು ಆಕಾಶದಲ್ಲಿ ಎರಡು ಹಂಸ.

ಇಡೀ ಕಥೆ ಒಂದು ಒಪ್ಪಂದದ ಪದಗಳ ಮೇಲೆ ನಿಂತಿದೆ. ದೇವತೆಯಾದವನೂ ಷರತ್ತನ್ನು ಮುರಿಯುವುದಿಲ್ಲ. ಅದರೊಳಗೆ ಸಂದು ಹುಡುಕುತ್ತಾನೆ. ಅವನ ಮಾಯೆಗೆ ಎಲ್ಲೆ ಇರೋದರಿಂದಲೇ ಮುಂದೇನಾಗುತ್ತೆ ಅನ್ನೋ ಕುತೂಹಲ ನಮಗೆ ಹುಟ್ಟುತ್ತದೆ.

ಸಿವಿಲ್ ವಿಭಾಗದವರಿಗೆ ಒಂದು ವಿಶೇಷ. ಬ್ರೀ ಲೇ ಅಂದರೆ ಇವತ್ತಿನ ಲಾಂಗ್‌ಫರ್ಡ್ ಜಿಲ್ಲೆಯ ಆರ್ಡಾ ಬೆಟ್ಟ. ಅದೇ ಜಿಲ್ಲೆಯ ಕೊರ್ಲಿ ಎಂಬಲ್ಲಿ ಜೌಗಿನೊಳಗೆ ಓಕ್ ಹಲಗೆಗಳ ಹಳೆಯ ರಸ್ತೆಯೊಂದು 1984ರಲ್ಲಿ ಬೆಳಕಿಗೆ ಬಂತು. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ನೋಡಿದಾಗ ಮರ ಕಡಿದದ್ದು ಕ್ರಿ.ಪೂ. 148ರಲ್ಲಿ ಅಂತ ತಿಳಿಯಿತು. ಅಷ್ಟು ಭಾರದ ಹಲಗೆಗಳು ಬೇಗನೆ ಜೌಗಿನಲ್ಲಿ ಹೂತುಹೋಗಿ, ಗಾಳಿ ಸೋಕದೆ ಹಾಗೇ ಉಳಿದವು. ಮಿಡಿರ್‌ನ ರಸ್ತೆಯ ಕಥೆಗೂ ಇದಕ್ಕೂ ನಂಟಿರಬಹುದು ಅನ್ನೋ ಊಹೆ ವಿದ್ವಾಂಸರಲ್ಲಿದೆ.

5. ಮೂರನೆಯ ಕಥೆ: ಗ್ರಾನ್ಯ ಮತ್ತು ಡಿಯರ್ಮಿಡ್

ಟಾರಾದ ರಾಜ ಕಾರ್ಮಕ್‌ನ ಮಗಳು ಗ್ರಾನ್ಯ. ಅವಳಿಗೆ ಗೊತ್ತುಮಾಡಿದ ವರ ಫಿನ್, ಹೆಸರಾಂತ ವೀರ, ಆದರೆ ಅವಳ ಅಪ್ಪನಿಗಿಂತ ವಯಸ್ಸಾದವನು. ಔತಣದ ರಾತ್ರಿ ಗ್ರಾನ್ಯ ನಿದ್ದೆಯ ಮದ್ದು ಬೆರೆಸಿದ ಪಾನೀಯ ಹಂಚಿಸುತ್ತಾಳೆ. ಎಚ್ಚರ ಉಳಿದ ಕೆಲವರಲ್ಲಿ ಡಿಯರ್ಮಿಡ್ ಒಬ್ಬ. ಅವನ ಮೇಲೆ ತನ್ನನ್ನು ಕರೆದೊಯ್ಯಬೇಕು ಅಂತ ಗೆಶ್ ಹಾಕುತ್ತಾಳೆ. ಅವನು ಫಿನ್‌ಗೆ ನಿಷ್ಠನಾದ ಬಂಟ. ಒಬ್ಬೊಬ್ಬ ಗೆಳೆಯನನ್ನೂ ಏನು ಮಾಡಲಿ ಅಂತ ಕೇಳುತ್ತಾನೆ. ಎಲ್ಲರ ಉತ್ತರ ಒಂದೇ: ಕಟ್ಟು ಮುರಿಯಬೇಡ, ಆದರೆ ಫಿನ್‌ನ ಬಗ್ಗೆ ಎಚ್ಚರ.

ಮುಂದೆ ಐರ್ಲೆಂಡಿನ ಉದ್ದಗಲಕ್ಕೂ ಓಟ. ಅಡುಗೆ ಮಾಡಿದ ಕಡೆ ಉಣ್ಣಬೇಡಿ, ಉಂಡ ಕಡೆ ಮಲಗಬೇಡಿ ಅಂತ ಡಿಯರ್ಮಿಡ್‌ನ ಸಾಕುತಂದೆ, ದೇವತೆ ಎಂಗಸ್ ಬುದ್ಧಿ ಹೇಳುತ್ತಾನೆ. ಗ್ರಾನ್ಯಳನ್ನು ತಾನು ಮುಟ್ಟಿಲ್ಲ ಅಂತ ಫಿನ್‌ಗೆ ತಿಳಿಸಲು ಡಿಯರ್ಮಿಡ್ ಮೊದಮೊದಲು ತಂಗಿದ ಕಡೆಯಲ್ಲೆಲ್ಲ ಗುರುತು ಬಿಟ್ಟು ಹೋಗುತ್ತಾನೆ. ಕಟ್ಟಿಗೆ ಬಿದ್ದು ಶುರುವಾದ ಪಯಣ ನಿಧಾನವಾಗಿ ಪ್ರೀತಿಯಾಗುತ್ತದೆ. ವರ್ಷಗಳ ನಂತರ ರಾಜಿಯೂ ಆಗುತ್ತದೆ. ಆದರೆ ಕೊನೆಗೆ ಬೆನ್ ಬುಲ್ಬೆನ್ ಬೆಟ್ಟದಲ್ಲಿ ಕಾಡುಹಂದಿ ಡಿಯರ್ಮಿಡ್‌ನನ್ನು ಸೀಳುತ್ತದೆ. ಫಿನ್‌ನ ಬೊಗಸೆಯ ನೀರಿಗೆ ಗಾಯ ಮಾಯಿಸುವ ಗುಣವಿದೆ. ಎರಡು ಸಲ ನೀರು ತರುತ್ತಾನೆ, ಎರಡು ಸಲವೂ ಬೆರಳ ಸಂದಿನಿಂದ ಸೋರಲು ಬಿಡುತ್ತಾನೆ. ಮೂರನೆಯ ಸಲ ತರುವಷ್ಟರಲ್ಲಿ ಡಿಯರ್ಮಿಡ್ ಇಲ್ಲ. ಐರ್ಲೆಂಡಿನ ಹಲವು ಶಿಲಾಸಮಾಧಿಗಳನ್ನು ಜನ ಇವತ್ತಿಗೂ 'ಡಿಯರ್ಮಿಡ್ ಮತ್ತು ಗ್ರಾನ್ಯರ ಹಾಸಿಗೆ' ಅಂತ ಕರೆಯುತ್ತಾರೆ.

ಈ ಕಥೆಯ ಅತಿ ದೊಡ್ಡ ಮಾಯೆ ಆ ಬೊಗಸೆ ನೀರು. ಬದುಕಿಸುವ ಶಕ್ತಿ ಇತ್ತು, ಮನಸ್ಸು ಇರಲಿಲ್ಲ.

6. ಹೆಣ್ಣಿನ ಒಪ್ಪಿಗೆ ಎಂಬ ಪ್ರಶ್ನೆ

ಮೂರೂ ಕಥೆಗಳಲ್ಲಿ ಒಂದೇ ಗಂಟು ಕಾಣುತ್ತದೆ. ಹೆಣ್ಣಿನ ಬಗ್ಗೆ ಬೇರೆಯವರು ತೀರ್ಮಾನ ಮಾಡಹೊರಟಿದ್ದಾರೆ. ಅವಳು ನಿಯಮದೊಳಗೇ ಒಂದು ದಾರಿ ಕೊರೆಯುತ್ತಾಳೆ. ಇದು ಬರೀ ಕಲ್ಪನೆಯ ಪ್ರಶ್ನೆ ಆಗಿರಲಿಲ್ಲ. ಸುಮಾರು ಕ್ರಿ.ಶ. 700ರ ಐರಿಷ್ ಕಾನೂನು ಗ್ರಂಥವೊಂದು ಗಂಡು ಹೆಣ್ಣಿನ ಕೂಡಿಕೆಗಳನ್ನು ಬಗೆಬಗೆಯಾಗಿ ವಿಂಗಡಿಸುತ್ತದೆ. ಇಬ್ಬರೂ ಸಮಾನ ಆಸ್ತಿ ತಂದಿದ್ದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಮಾಡಿದ ವ್ಯವಹಾರ ಸಾಮಾನ್ಯವಾಗಿ ಸಲ್ಲುತ್ತಿರಲಿಲ್ಲ. ಮನೆಯವರ ಒಪ್ಪಿಗೆಯಿಲ್ಲದೆ ಹೊರಟುಹೋಗುವುದಕ್ಕೂ ಆ ಪಟ್ಟಿಯಲ್ಲಿ ಜಾಗವಿತ್ತು. ಹೆಂಗಸಿಗೆ ಕೆಲವು ಕಾರಣಗಳ ಮೇಲೆ ಗಂಡನನ್ನು ಬಿಡುವ ಹಕ್ಕಿತ್ತು. ಹಾಗಂತ ಅದೊಂದು ಸಮಾನತೆಯ ಸ್ವರ್ಗ ಅಂತ ತಿಳಿಯಬೇಕಾಗಿಲ್ಲ. ಹೆಣ್ಣಿನ ಹೆಚ್ಚಿನ ವ್ಯವಹಾರಗಳು ಅಪ್ಪ ಅಥವಾ ಗಂಡನ ಕೈಯಲ್ಲೇ ಇದ್ದವು. ಈ ಎರಡರ ನಡುವಿನ ಎಳೆದಾಟದಲ್ಲೇ ಈ ಕಥೆಗಳಿಗೆ ಜೀವ ಬಂದದ್ದು.

ಗ್ರಾನ್ಯ ಮಾಡಿದ್ದು ಪೂರ್ತಿ ಸರಿಯೇ? ತನಗೆ ಸಿಗದ ಆಯ್ಕೆಯನ್ನು ಪಡೆಯಲು ಅವಳು ಡಿಯರ್ಮಿಡ್‌ನ ಆಯ್ಕೆಯನ್ನು ಕಿತ್ತುಕೊಂಡಳಲ್ಲ? ನಮ್ಮ ಓದಿನ ಕೂಟದಲ್ಲಿ ಇದೇ ಪ್ರಶ್ನೆಗೆ ನಾವು ಎರಡು ಗುಂಪಾದೆವು. ಒಂದು ಗುಂಪು, ಬಾಗಿಲೇ ಇಲ್ಲದ ಮನೆಯಲ್ಲಿ ಗೋಡೆ ಒಡೆಯೋದು ತಪ್ಪಲ್ಲ ಅಂದಿತು. ಇನ್ನೊಂದು, ಗೋಡೆ ಬಿದ್ದದ್ದು ಇನ್ನೊಬ್ಬನ ಮೇಲೆ ತಾನೇ ಅಂದಿತು. ಹಳೆಯ ಕಥೆ ತೀರ್ಪು ಕೊಡುವುದಿಲ್ಲ. ಓದುವವರೇ ಹೊತ್ತುಕೊಂಡು ಹೋಗಬೇಕು.

7. ಡಬ್ಲಿನ್‌ನಿಂದ ಮೈಸೂರಿಗೆ

19ನೇ ಶತಮಾನದ ಕೊನೆಯ ಹೊತ್ತಿಗೆ ಐರ್ಲೆಂಡಿನ ಬರಹಗಾರರು ತಮ್ಮ ಈ ಹಳೆಯ ಕಥೆಗಳ ಕಡೆ ಮತ್ತೆ ತಿರುಗಿದರು. ಡೀರ್ಡ್ರೆಯನ್ನು ಕುರಿತ ಎ.ಇ. ಅವರ ನಾಟಕ 1902ರಲ್ಲಿ ಡಬ್ಲಿನ್‌ನಲ್ಲಿ ರಂಗಕ್ಕೆ ಬಂತು. ಮುಂದೆ ಯೇಟ್ಸ್, ಸಿಂಗ್ ಕೂಡ ಅವಳ ಕಥೆಯನ್ನು ನಾಟಕ ಮಾಡಿದರು. ಅದೇ ರಂಗಭೂಮಿಯ ಬಳಗದಲ್ಲಿದ್ದ ಕವಿ ಜೇಮ್ಸ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದರು. ಮೈಸೂರಿನಲ್ಲಿ ಅವರನ್ನು ಕಂಡು ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ ವಿದ್ಯಾರ್ಥಿಗೆ, ನಿಮ್ಮ ನುಡಿಯಲ್ಲೇ ಬರೆಯಿರಿ ಎಂಬ ಸಲಹೆ ಕೊಟ್ಟವರು ಅವರೇ. ಆ ವಿದ್ಯಾರ್ಥಿ ಕುವೆಂಪು. ಮುಂದಿನದು ನಮಗೆಲ್ಲ ಗೊತ್ತು.

8. ಬರೆಯುವವರಿಗೆ ಅಭ್ಯಾಸ

ನಮ್ಮ ಪತ್ರಿಕೆಗೆ ಫ್ಯಾಂಟಸಿ ಕಥೆ ಬರೆಯಬೇಕೆಂದಿರುವವರು ಮೊದಲ ಸಾಲಿಗಿಂತ ಮುಂಚೆ ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ.

1. ನಿಮ್ಮ ಲೋಕದ ಮಾಯೆಯ ನಿಯಮ ಏನು? ಒಂದೇ ವಾಕ್ಯದಲ್ಲಿ ಹೇಳಿ. ಎರಡು ವಾಕ್ಯ ಬೇಕಾದರೆ ನಿಯಮ ಇನ್ನೂ ಗಟ್ಟಿಯಾಗಿಲ್ಲ.
2. ಆ ಮಾಯೆ ಏನನ್ನು ಮಾಡಲಾರದು? ಮಿಡಿರ್ ಹಾರಬಲ್ಲ, ಆದರೆ ಎಟೇನ್‌ಳ ಷರತ್ತನ್ನು ದಾಟಲಾರ.
3. ನಿಯಮ ಮುರಿದರೆ ಬೆಲೆ ತೆರುವವರು ಯಾರು? ಮುರಿದವರೇ, ಅಥವಾ ಅವರನ್ನು ನಂಬಿದವರೇ?
4. ನಿಯಮವನ್ನು ತನ್ನ ಲಾಭಕ್ಕೆ ತಿರುಗಿಸುವ ಕೊನ್ಹೊವರ್ ನಿಮ್ಮ ಕಥೆಯಲ್ಲಿ ಯಾರು?
5. ಪ್ರೀತಿಸುವ ಇಬ್ಬರಲ್ಲಿ ಆಯ್ಕೆ ಯಾರ ಕೈಯಲ್ಲಿದೆ? ಕಥೆ ಮುಗಿಯುವಾಗಲೂ ಅವರ ಕೈಯಲ್ಲೇ ಇದೆಯೇ?

ಚರ್ಚೆಗೆ ಒಂದು ಪ್ರಶ್ನೆ: ಫರ್ಗಸ್ ಔತಣದ ಕರೆಗೆ ಒಲ್ಲೆ ಅಂದು, ತನ್ನ ಮಾನ ಕಳೆದುಕೊಂಡು, ನೀಶನ ಜೊತೆ ಹೋಗಿದ್ದರೆ? ನೀವು ಅವನ ಜಾಗದಲ್ಲಿದ್ದರೆ ಯಾವ ಮಾತನ್ನು ಉಳಿಸಿಕೊಳ್ಳುತ್ತಿದ್ದಿರಿ, ಯಾವುದನ್ನು ಮುರಿಯುತ್ತಿದ್ದಿರಿ? ಒಂದು ಪುಟದೊಳಗೆ ಬರೆದು ಸಂಘಕ್ಕೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡೂ ಕಡೆಯ ವಾದಗಳನ್ನು ಅಕ್ಕಪಕ್ಕದಲ್ಲಿ ಹಾಕುತ್ತೇವೆ.